ಚೊಗರು ಕುಡಿದ ಕ್ಯಾಮೆರಾ

ಕ್ಯಾಮೆರಾ ಸಾಯುವ ಮುನ್ನ ಒಂದೇ ಒಂದು ಸಲ ‘ಕಿರ್’ ಎಂದಿತು, ಹಳೇ ಬಾಗಿಲಿನ ಅಗುಳಿ ಅರ್ಧ ಸರಿದು ಸಿಕ್ಕಿಕೊಂಡ ಹಾಗೆ. ಆಮೇಲೆ ಗುಂಡಿ ಒತ್ತಿದರೂ ಇಲ್ಲ, ಬ್ಯಾಟರಿ ತೆಗೆದು ಹಾಕಿದರೂ ಇಲ್ಲ. ಡಿಸೆಂಬರಿನ ಬೆಳಗ್ಗೆ ಏಳೂವರೆ. ಹೆಗ್ಗೋಡಿನ ಕಡೆಯ ನಮ್ಮಕ್ಕನ ಮನೆಯಂಗಳದಲ್ಲಿ, ಅಡಿಕೆ ಬೇಯುವ ಹಂಡೆಯ ಮುಂದೆ ನಾನು ಕುಕ್ಕರಗಾಲಲ್ಲಿ ಕೂತಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರು ತಾಲ್ಲೂಕು ಸುತ್ತುವ ನಮ್ಮ ಪ್ರವಾಸಕ್ಕೆ ಜೀಪು ಇನ್ನೂ ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ.

ತಪ್ಪು ನನ್ನದೇ. ಇಡೀ ರಾತ್ರಿ ಕ್ಯಾಮೆರಾದ ಚೀಲವನ್ನು ಜಗಲಿಯಲ್ಲಿ ಬಿಟ್ಟಿದ್ದೆ. ಮಲೆನಾಡಿನ ಧನುರ್ಮಾಸದ ಚಳಿಯಲ್ಲಿ ಗಾಜು, ಲೋಹ ಎಲ್ಲ ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಾಗಿತ್ತು. ಅಂಥದನ್ನು ತಂದು, ಕುದಿಯುವ ಹಂಡೆಯಿಂದ ಏಳುವ ಹಬೆಗೆ ಮೂತಿ ಒಡ್ಡಿ ಹಿಡಿದೆ. ತಣ್ಣೀರಿನ ಚೊಂಬಿನ ಮೈಮೇಲೆ ಬೆವರು ಮೂಡುತ್ತದಲ್ಲ, ಹಾಗೆ ಅದರ ಮೈಯೆಲ್ಲ ಬೆವರಿತು. ಬೆವರು ಹೊರಗಿದ್ದರೆ ಒರೆಸಬಹುದಿತ್ತು. ಅದು ಒಳಗೂ ಇಳಿದಿತ್ತು. ಅದೂ ಬರೀ ನೀರಿನ ಹಬೆಯಲ್ಲ, ಚೊಗರಿನದು. ಸುಲಿದ ಹಸಿ ಅಡಿಕೆಯನ್ನು ಬೇಯಿಸಿ ಬೇಯಿಸಿ ಉಳಿದ ಕೆಂಪು ಕಷಾಯವನ್ನು ನಮ್ಮಲ್ಲಿ ಚೆಲ್ಲುವುದಿಲ್ಲ. ಅದು ಮುಂದಿನ ಒಬ್ಬೆಗೆ ಬಣ್ಣ ಕೊಡಬೇಕು. ಅಡಿಕೆಗೆ ಕೆಂಪು ಬರುವುದು ಅದರಿಂದಲೇ, ಅಂಗಿಯ ಮೇಲೆ ಬಿದ್ದರೆ ಕಲೆ ಹೋಗದೇ ಇರುವುದೂ ಅದರಿಂದಲೇ.

“ಎಂತ ಆತೋ ಭಾವ?” ಎಂದರು ಭಾವ. ನಮ್ಮಲ್ಲಿ ಅಕ್ಕನ ಗಂಡನೂ ಭಾವ, ಹೆಂಡತಿಯ ತಮ್ಮನೂ ಭಾವ. ಹಾಗಾಗಿ ನಾವಿಬ್ಬರೂ ಪರಸ್ಪರ ಭಾವಂದಿರು.

“ಆನ್ ಆಗ್ತಾ ಇಲ್ಲೆ.”

“ಥಂಡಿ ಆಗಿಕ್ಕು.”

ಅಡಿಕೆ ಸುಲಿಯುತ್ತಿದ್ದವರಲ್ಲಿ ಒಬ್ಬ ಹಿರಿಯರು ಮೆಟ್ಟುಗತ್ತಿಯಿಂದ ಕಣ್ಣು ಎತ್ತದೇ ಹೇಳಿದರು: “ಅಷ್ಟು ಹತ್ರ ಹೋದ್ರೆ ಹಬೆ ಬಿಟ್ಟು ಬೇರೆ ಎಂತದೂ ಕಾಣದಿಲ್ಲ. ನಾಕು ಹೆಜ್ಜೆ ಹಿಂದೆ ಹೋಗಿದ್ರೆ ಹಂಡೆ, ಬೆಂಕಿ, ಹಿಂದಿನ ತೋಟ ಎಲ್ಲ ಬರ್ತಿತ್ತು.” ಬೆಂಗಳೂರಿನಿಂದ ಕ್ಯಾಮೆರಾ ನೇತುಹಾಕಿಕೊಂಡು ಹೋಗಿ ಬೆರಗು ಹುಟ್ಟಿಸಬಹುದಾದ ಊರುಗಳು ಬೇರೆ ಇವೆ, ಹೆಗ್ಗೋಡಿನ ಆಸುಪಾಸು ಅದು ಸಾಧ್ಯವಿಲ್ಲ. 1949ರಲ್ಲಿ ಅಲ್ಲೇ ಹುಟ್ಟಿದ ರಂಗಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನೂ ಕಟ್ಟಿತು. ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ಸತ್ಯಜಿತ್ ರಾಯ್, ಕುರೊಸಾವಾ, ಬರ್ಗ್‌ಮನ್ ಅವರ ಸಿನಿಮಾಗಳನ್ನು ತರಿಸಿ, ತೋಟದ ಕೆಲಸ ಮುಗಿಸಿ ಬಂದವರಿಗೆ ತೋರಿಸಿದ್ದರು. ಅಲ್ಲಿ ಅಡಿಕೆ ಸುಲಿಯುವವರು ಫ್ರೇಮಿನ ಬಗ್ಗೆ ಹೇಳಿದರೆ ಕೇಳಿಸಿಕೊಳ್ಳುವುದು ಒಳ್ಳೆಯದು. ನಾನು ಕೇಳಿಸಿಕೊಂಡೆ, ಆದರೆ ಐದು ನಿಮಿಷ ತಡವಾಗಿ.

ಹಿಂದಿನ ರಾತ್ರಿಯ ಒಂದು ಸಂಗತಿಯನ್ನೂ ಹೇಳಿಬಿಡಬೇಕು. ಊಟವಾದ ಮೇಲೆ ಅಕ್ಕನ ಮಗನಿಗೆ ನಾನು ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟಿದ್ದೆ. ಫೋನಿನಲ್ಲಿ ತೆಗೆದದ್ದು ಫೋಟೊ ಅಲ್ಲ, ಅದು ಬರೀ ಪುರಾವೆ. ಫೋಟೊ ಎಂದರೆ ಬೆಳಕಿಗೆ ಕಾಯುವುದು, ಮಸೂರದ ಗುಣ ತಿಳಿಯುವುದು, ಇತ್ಯಾದಿ. ಹುಡುಗ ಪೂರ್ತಿ ಕೇಳಿಕೊಂಡಿದ್ದ. ಬೆಳಗ್ಗೆ ನಾನು ಸತ್ತ ಕ್ಯಾಮೆರಾ ಹಿಡಿದು ಒಳಗೆ ಬಂದಾಗ ಅವನು ತನ್ನ ಫೋನನ್ನು ನನ್ನೆದುರು ಚಾಚಿ, “ಮಾವ, ಪುರಾವೆ ಬೇಕಿದ್ರೆ ತಗೊಂಡು ಹೋಗು” ಎಂದ. ಮರ್ಯಾದೆಯಿರುವ ಮನುಷ್ಯ ಇನ್ನೇನು ಮಾಡಿಯಾನು? ಬೇಡವೆಂದೆ. ನನ್ನ ಫೋನು ಜೇಬಿನಲ್ಲೇ ಇತ್ತು. ಅದನ್ನೂ ಫೋಟೊಕ್ಕಾಗಿ ಹೊರಗೆ ತೆಗೆಯುವುದಿಲ್ಲ ಎಂದು ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದೆ. ಹತ್ತು ಗಂಟೆಯ ಹೊತ್ತಿಗೆ ಕಾಡುದಾರಿಯಲ್ಲಿ ಟವರು ಹುಡುಕಿ ಹುಡುಕಿ ಅದರ ಬ್ಯಾಟರಿ ತಾನಾಗಿಯೇ ಮುಗಿದದ್ದರಿಂದ ಪ್ರತಿಜ್ಞೆ ಪಾಲಿಸುವುದು ಸುಲಭವಾಯಿತು.

ಕ್ಯಾಮೆರಾ ಕೆಟ್ಟದ್ದೇ ಒಳ್ಳೆಯದಾಯಿತು, ಬರಿಗಣ್ಣಿನಲ್ಲಿ ಲೋಕ ನೋಡಿದೆ ಎಂದು ಬರೆಯುವವರನ್ನು ನಾನು ನಂಬುವುದಿಲ್ಲ. ನನಗೆ ಹೊಟ್ಟೆ ಉರಿಯಿತು. ಇಕ್ಕೇರಿಯಲ್ಲಿ ಜೀಪು ನಿಂತಾಗ ಅಘೋರೇಶ್ವರ ದೇವಸ್ಥಾನದ ಗೋಪುರ ಮಂಜಿನಲ್ಲಿ ಇಲ್ಲವಾಗಿತ್ತು. ಎದುರಿನ ಮಂಟಪದ ದೊಡ್ಡ ನಂದಿ ಮಾತ್ರ ಮಂಜಿನೊಳಗೆ ಮೆಲುಕು ಹಾಕುತ್ತ ಕೂತ ಹಾಗೆ ಕಾಣುತ್ತಿತ್ತು. ನನ್ನ ಬೆರಳು ಎರಡು ಸಲ ಸುಮ್ಮಸುಮ್ಮನೆ ಗುಂಡಿ ಒತ್ತಿತು. ಒಳಗೆ ನೆಲದ ಮೇಲೆ ಕೆಳದಿಯ ಅರಸರು ಮೂವರು ಅಡ್ಡಬಿದ್ದಿರುವ ಕೆತ್ತನೆಯಿದೆ. ಅವರಲ್ಲಿ ಒಬ್ಬನ ಕೈಕಾಲಿಗೆ ಬೇಡಿ. ಹುಚ್ಚ ಸೋಮಪ್ಪ ನಾಯಕನಂತೆ. ಬೇಡಿ ಹಾಕಿಸಿಕೊಂಡೂ ಚಿತ್ರಕ್ಕೆ ಸಿಕ್ಕಿದ ಪುಣ್ಯಾತ್ಮ! ಆ ಬೆಳಗ್ಗೆ ನನಗೆ ಅವನ ಮೇಲೆ ಒಂಥರಾ ಬಾಂಧವ್ಯ ಹುಟ್ಟಿತು.

ಇದೇ ಇಕ್ಕೇರಿಗೆ 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆ ಎಂಬ ಇಟಲಿಯವನು ಬಂದಿದ್ದ. ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜತೆ ಘಟ್ಟ ಹತ್ತಿ ಬಂದವನು. ಅವನ ಹತ್ತಿರ ಇದ್ದದ್ದು ಕಾಗದ, ಶಾಯಿ, ಸಿಕ್ಕಾಪಟ್ಟೆ ಕುತೂಹಲ. ದಾರಿಯಲ್ಲಿ ಹನುಮಂತನ ಗುಡಿಯೊಂದರ ಮೊಗಸಾಲೆಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ಅವನು ಕಂಡ. ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಪಾಠವನ್ನು ರಾಗವಾಗಿ ಹೇಳಿಕೊಳ್ಳುತ್ತ ಬೆರಳಿನಲ್ಲಿ ಅಂಕೆ ಬರೆಯುತ್ತಿದ್ದರು. ಕಾಗದ ಖರ್ಚಿಲ್ಲ, ಶಾಯಿ ಖರ್ಚಿಲ್ಲ. ತುಂಬಿದರೆ ಮೇಲೆ ಇನ್ನಷ್ಟು ಮರಳು. ಮರಳಿನಲ್ಲಿ ಬರೆದದ್ದು ಆವತ್ತೇ ಅಳಿಸಿ ಹೋಯಿತು. ಅದನ್ನು ನೋಡಿದವನು ಬರೆದ ಕಾಗದ ನಾನೂರು ವರ್ಷ ಬಾಳಿತು. ಎಲ್ಲಾದರೂ ಚೊಗರಿನ ಹಂಡೆಗೆ ಬಿದ್ದಿದ್ದರೆ ಕಾಗದದ ಕಥೆಯೂ ಅಷ್ಟೇ.

ಹೊಸನಗರದ ದಾರಿಯಲ್ಲಿ ಸಿಕ್ಕಿದ ಪ್ರತಿಯೊಬ್ಬರೂ ಕ್ಯಾಮೆರಾಕ್ಕೆ ಮದ್ದು ಹೇಳಿದರು. ಮಲೆನಾಡಿನಲ್ಲಿ ಕಾಯಿಲೆ ಬಿದ್ದರೆ ಹೀಗೇ. ರೋಗಿಗಿಂತ ನೋಡಲು ಬಂದವರು ಹೆಚ್ಚು, ಅವರಿಗಿಂತ ಮದ್ದು ಹೆಚ್ಚು. ಅಕ್ಕ ಹೊರಡುವಾಗಲೇ ಬಚ್ಚಲೊಲೆಯ ಮೇಲೆ ನೇತುಹಾಕು ಎಂದಿದ್ದಳು. ಭಾವನದು ಅಕ್ಕಿಡಬ್ಬದ ಚಿಕಿತ್ಸೆ: ಮನೆಯಿಂದ ಒಂದು ಸ್ಟೀಲಿನ ಡಬ್ಬಿಯಲ್ಲಿ ಅಕ್ಕಿ ತಂದು, ಅದರಲ್ಲಿ ಕ್ಯಾಮೆರಾ ಹುಗಿದು, ಜೀಪಿನ ಹಿಂದಿನ ಸೀಟಿನಲ್ಲಿ ಇಟ್ಟೂ ಆಗಿತ್ತು. ಅಕ್ಕಿ ಅಷ್ಟೇನೂ ನೀರು ಹೀರುವುದಿಲ್ಲ, ಅದರ ಹುಡಿ ಒಳಗೆ ಸೇರುವುದೇ ಹೆಚ್ಚು, ಅದಕ್ಕೆ ಸಿಲಿಕಾ ಜೆಲ್ ಬೇಕು ಎಂದು ನಾನು ವಾದಿಸಿದೆ. “ಸಿಲಿಕಾ ಜೆಲ್ ಬೆಳೆಯ ಗದ್ದೆ ನಮ್ಮಲ್ಲಿ ಇಲ್ಲೆ” ಎಂದರು ಭಾವ. ಬಟ್ಟೆಮಲ್ಲಪ್ಪದಲ್ಲಿ ಚಹಾಕ್ಕೆ ನಿಂತೆವು. ಹಳಗನ್ನಡದಲ್ಲಿ ಬಟ್ಟೆ ಎಂದರೆ ದಾರಿ; ದಾರಿಯ ಮಲ್ಲಪ್ಪನಿರಬೇಕು ಎಂದು ನಾನು ಅರ್ಥ ಹೇಳುವಷ್ಟರಲ್ಲಿ ಹೋಟೆಲಿನವರು ಡಬ್ಬಿಯ ಮುಚ್ಚಳ ತೆಗೆದು, “ಇದೆಂತ ಮಾರಾಯ್ರೆ, ಅಕ್ಕಿಯೊಳಗೆ ಕ್ಯಾಮೆರಾ? ಸ್ವಲ್ಪ ತಟ್ಟಿ ನೋಡಿ, ನಮ್ಮನೆ ರೇಡಿಯೊ ಹಾಗೇ ಸರಿಯಾಗೋದು” ಎಂದರು. ತಟ್ಟಿದೆವು. ಹೊಸನಗರದ ಮೊಬೈಲ್ ಅಂಗಡಿಯ ಹುಡುಗ ಮಾತ್ರ ಅದನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, “ಅಣ್ಣಾ, ಇದಕ್ಕೆ ಸಿಮ್ ಎಲ್ಲಿ ಹಾಕ್ತಾರೆ?” ಎಂದು ಕೇಳಿ ವಾಪಸು ಕೊಟ್ಟ.

ಭಾವನ ಫೋನಿನಲ್ಲಿ ತೆಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರತಿಜ್ಞೆಯನ್ನು ಸ್ವಲ್ಪ ಸಡಿಲಿಸಿ ನಾನೂ ಕೇಳಿದೆ. ಅದರಲ್ಲಿ ಜಾಗವಿರಲಿಲ್ಲ. ಒಳಗೆ ಇದ್ದದ್ದೆಲ್ಲ ಎಲೆಗಳು: ಅಡಿಕೆಯ ಸೋಗೆ, ಸೋಗೆಯ ಮೇಲೆ ಕಂದುಚುಕ್ಕಿ, ಚುಕ್ಕಿಯ ಸುತ್ತ ಹಳದಿ, ಒಣಗಿದ ಅಂಚು. ನಾಲ್ಕಾರು ವರ್ಷದಿಂದ ಎಲೆಚುಕ್ಕಿ ರೋಗ ಹೊಸನಗರ, ತೀರ್ಥಹಳ್ಳಿಯ ತೋಟಗಳನ್ನು ತಿನ್ನುತ್ತಿದೆ. ನಗರವೆಂಬ ಊರಿನ ಕಡೆಯ ತೋಟಗಳಂತೂ ದೂರದಿಂದಲೇ ಸುಟ್ಟ ಹಾಗೆ ಕಾಣುತ್ತವೆ. ಇವರು ಪ್ರತಿ ವಾರ ಅದೇ ಮರದ ಅದೇ ಎಲೆಯ ಫೋಟೊ ತೆಗೆದು ಕಳೆದ ವಾರದ್ದರ ಜತೆ ಹೋಲಿಸುತ್ತಾರೆ. ಬೆಳಕು, ಕೋನ, ದೂರ ಎಲ್ಲ ಒಂದೇ. ನನ್ನ ಹದಿನೈದು ವರ್ಷದ ಹವ್ಯಾಸದಲ್ಲಿ ಅಷ್ಟು ಶಿಸ್ತು ಒಂದು ದಿನವೂ ಇರಲಿಲ್ಲ. ಆ ಎಲೆಚುಕ್ಕಿ ಶಿಲೀಂಧ್ರದ ಕೆಲಸ. ಮಳೆಗಾಲದ ಥಂಡಿಯಲ್ಲಿ ನನ್ನ ಮಸೂರದೊಳಗೆ ಜೇಡರ ಬಲೆಯಂತೆ ಎಳೆ ಬಿಡುವುದೂ ಅದರ ದಾಯಾದಿಯೇ. ಇದನ್ನು ಹೇಳಿದಾಗ ಭಾವನ ಮುಖದಲ್ಲಿ ಅವತ್ತು ಮೊದಲ ಸಲ ನನ್ನ ಹವ್ಯಾಸದ ಬಗ್ಗೆ ಗೌರವ ಕಂಡಿತು. “ಹಂಗಾರೆ ನಿನ್ನ ಲೆನ್ಸಿಗೂ ಬೋರ್ಡೊ ಹೊಡಿ” ಎಂದರು.

ಮಧ್ಯಾಹ್ನದ ಊಟ ಹೊಸನಗರದಾಚೆ ಭಾವನ ದೊಡ್ಡಮ್ಮನ ಮನೆಯಲ್ಲಿ. ಎಂಬತ್ತು ದಾಟಿದ ಅಜ್ಜಿ. ಜಗಲಿಯಲ್ಲಿ ಕಾಲು ಚಾಚಿ, ಎದುರಿಗೆ ಸುಲಿದ ಅಡಿಕೆಯ ರಾಶಿ ಹಾಕಿಕೊಂಡು, ಹಸಿಯ ನಡುವೆ ಸೇರಿಹೋದ ಗೋಟನ್ನು, ಅಂದರೆ ಹಣ್ಣಡಿಕೆಯನ್ನು, ಆರಿಸಿ ತೆಗೆಯುತ್ತಿದ್ದಳು. ತವರುಮನೆ ಎಲ್ಲಿ ಎಂದು ನಾನು ಮಾತಿಗೆ ಕೇಳಿದೆ. “ನೀರಿನ ಬುಡಕ್ಕೆ” ಎಂದಳು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದಾಗ ಶರಾವತಿ ಹಿಂದೆ ಸರಿದು ಊರೂರುಗಳನ್ನೇ ನುಂಗಿತು. 1948ರ ಹಿರೇಭಾಸ್ಕರ ಕಟ್ಟೆಯೂ ಅದರಲ್ಲಿ ಮುಳುಗಿತು. ಕಟ್ಟೆಯನ್ನೇ ಮುಳುಗಿಸಿದ ಕಟ್ಟೆ ಅದು. ನೀರು ಬಹಳ ಇಳಿದ ಬೇಸಿಗೆಗಳಲ್ಲಿ ಆ ಹಳೇ ಕಟ್ಟೆ ಮೇಲೇಳುತ್ತದೆ, ಜನ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಅಜ್ಜಿಯ ತವರಿನ ಒಂದು ಫೋಟೊವೂ ಇಲ್ಲ. ಆಗೆಲ್ಲ ಯಾರ ಹತ್ತಿರ ಕ್ಯಾಮೆರಾ ಇತ್ತು?

“ತಡಿ, ತೋರಿಸ್ತಿ” ಎಂದು ಅಜ್ಜಿ ಅಡಿಕೆಯನ್ನು ಒಂದೊಂದಾಗಿ ಚಾಪೆಯ ಮೇಲೆ ಸಾಲು ಹಚ್ಚತೊಡಗಿದಳು. ಇದು ಜಗಲಿ, ಇಲ್ಲಿ ನಡುಮನೆ. ಒಂದು ಗೋಟು ಇಟ್ಟು, ಇದು ಬಾವಿ. ನಾಲ್ಕು ಅಡಿಕೆ ಒತ್ತಾಗಿ ಇಟ್ಟು, ಇದು ಕೊಟ್ಟಿಗೆ, ಗಂಗೆ ಇದ್ದಿದ್ದು ಈ ಬದಿಗೆ. ದೇವರ ಕೋಣೆಯ ಬಾಗಿಲು ಎಲ್ಲಿ ಎಂಬಲ್ಲಿ ಕೈ ತಡೆಯಿತು. ಒಂದು ಅಡಿಕೆಯನ್ನು ಆಚೆ ಇಟ್ಟಳು, ಈಚೆ ಇಟ್ಟಳು, ಮತ್ತೆ ಆಚೆ ಇಟ್ಟಳು. ನಾನು ಡಬ್ಬಿಯಿಂದ ಕ್ಯಾಮೆರಾ ತೆಗೆದು, ಅಕ್ಕಿ ಕೊಡವಿ, ಕಣ್ಣಿಗೆ ಹಿಡಿದೆ. ಯಾಕೆ ಹಿಡಿದೆನೋ ಗೊತ್ತಿಲ್ಲ, ಅಭ್ಯಾಸ. ಅಜ್ಜಿ ತಟ್ಟನೆ ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಮನೆಯ ಪಕ್ಕಕ್ಕೆ ಕೈ ಇಟ್ಟುಕೊಂಡು ಕೂತಳು. ಈಗ ಕೆಟ್ಟಿದೆ ಎಂದು ಹೇಳುವುದು ಹೇಗೆ? ಗುಂಡಿ ಒತ್ತಿದೆ. ಸದ್ದಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಬಡಿದು ‘ಟಕ್’ ಎಂದೆ. ಇನ್ನೊಂದಿರಲಿ ಎಂದು ಮತ್ತೊಮ್ಮೆ ‘ಟಕ್’.

“ಬಂತಾ?”

“ಚೊಲೋ ಬಂತು.”

ಅಷ್ಟರಲ್ಲಿ ಸೊಸೆ ಬುಟ್ಟಿ ತಂದು, ಹಂಡೆ ಕುದೀತಾ ಇದ್ದು ಎಂದು ಚಾಪೆಯನ್ನು ಒಂದು ಬದಿಯಿಂದ ಎತ್ತಿದಳು. ಜಗಲಿ, ನಡುಮನೆ, ಕೊಟ್ಟಿಗೆ ಎಲ್ಲ ಉರುಳಿಕೊಂಡು ಬುಟ್ಟಿಗೆ ಹೋದವು. ಅಜ್ಜಿ ಬಾವಿಯ ಗೋಟನ್ನು ಮಾತ್ರ ಆರಿಸಿ ಪಕ್ಕಕ್ಕೆ ಎಸೆದಳು. ಗೋಟು ಬೇಯಿಸುವಂಥದ್ದಲ್ಲ.

ನಗರ ನೋಡಿದೆವು. ಒಂದು ಕಾಲದ ಬಿದನೂರು ಅದು. 1763ರಲ್ಲಿ ಹೈದರಾಲಿ ಹಿಡಿದ ಮೇಲೆ ಹೈದರನಗರವಾಗಿ, ಆಮೇಲೆ ಬರೀ ನಗರವಾಗಿ ಉಳಿಯಿತು. ಕೋಟೆಯ ಮೇಲೆ ಒಳ್ಳೆಯ ಬಿಸಿಲಿತ್ತು. ನನಗೆ ಮನಸ್ಸಿರಲಿಲ್ಲ. ಕವಲೇದುರ್ಗ ಹತ್ತುವ ಮಾತು ಎತ್ತಿದಾಗ ಭಾವ ಮೊಣಕಾಲು ತೋರಿಸಿದರು. ತೀರ್ಥಹಳ್ಳಿಯಲ್ಲಿ ತುಂಗೆಯ ಕಮಾನು ಸೇತುವೆಯ ಮೇಲೆ ಎರಡು ನಿಮಿಷ ನಿಂತೆವು. ಎಳ್ಳಮಾವಾಸ್ಯೆಯ ಜಾತ್ರೆಗೆ ಆಗಲೇ ಗಳ ನೆಡುತ್ತಿದ್ದರು. ಮೇಳಿಗೆಯ ಅನಂತಮೂರ್ತಿಯವರ ಕಥೆಯನ್ನು ಇದೇ ತಾಲ್ಲೂಕಿನ ಗಿರೀಶ ಕಾಸರವಳ್ಳಿ ‘ಘಟಶ್ರಾದ್ಧ’ ಸಿನಿಮಾ ಮಾಡಿದ್ದು 1977ರಲ್ಲಿ. ಅದಕ್ಕೆ ಕಪ್ಪುಬಿಳುಪಿನಲ್ಲಿ ಕ್ಯಾಮೆರಾ ಹಿಡಿದವರು ಎಸ್. ರಾಮಚಂದ್ರ. ಅವರ ಕ್ಯಾಮೆರಾ ಈ ಮಲೆನಾಡಿನ ಕತ್ತಲೆಯನ್ನೇ ಬೆಳಕಿನ ಹಾಗೆ ಬಳಸಿಕೊಂಡಿತ್ತು. ನನ್ನದು ಹಬೆಗೇ ಸೋತಿತು. ಆದರೂ ಕತ್ತಿನಲ್ಲಿ ಅದನ್ನು ನೇತುಹಾಕಿಕೊಂಡೇ ಇದ್ದೆ. ಡಬ್ಬಿಯಲ್ಲಿ ಬಿಟ್ಟರೆ ಯಾಕೋ ಪಾಪ ಅನ್ನಿಸುತ್ತಿತ್ತು.

ಅದರ ಫಲ ಕುಪ್ಪಳಿಯಲ್ಲಿ ಸಿಕ್ಕಿತು. ಕವಿಶೈಲದ ಮೇಲೆ ಸಂಜೆಯ ಹೊತ್ತು ಜನವೋ ಜನ. ಕತ್ತಿನಲ್ಲಿ ದೊಡ್ಡ ಕ್ಯಾಮೆರಾ ಕಂಡವರು ಇವನು ತಿಳಿದವನೇ ಇರಬೇಕೆಂದು ಒಬ್ಬೊಬ್ಬರಾಗಿ ಬಂದು, “ಸಾರ್, ನಮ್ದೊಂದು ತೆಗೀರಿ” ಎಂದು ಫೋನು ಕೈಗೆ ಕೊಟ್ಟರು. ಹಾವೇರಿಯ ಒಂದು ಕುಟುಂಬ, ಕಾಲೇಜಿನ ಹುಡುಗಿಯರು, ಆ ವಾರವಷ್ಟೇ ಮದುವೆಯಾದ ಒಂದು ಜೋಡಿ. ಬಂಡೆಗಳ ನಡುವೆ ನಿಲ್ಲಿಸಿ, ಸೂರ್ಯ ಬೆನ್ನಿಗೆ ಬೇಡ ಇತ್ತ ತಿರುಗಿ ಎಂದು ಹೇಳಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ ತೆಗೆದೆ. ಅಡಿಕೆ ಸುಲಿಯುವ ಹಿರಿಯರು ನೆನಪಾದರು. ಹದಿನೇಳು ಫೋನುಗಳಲ್ಲಿ ತೆಗೆದಿರಬೇಕು. ಅವೆಲ್ಲ ಚೆನ್ನಾಗಿಯೇ ಬಂದವು. ಈಗ ಎಲ್ಲಿವೆಯೋ. ಅಕ್ಕನ ಮಗನಿಗೆ ಈ ವಿಷಯ ಹೇಳಬೇಡಿ ಎಂದು ಭಾವನಿಗೆ ತಾಕೀತು ಮಾಡಿದ್ದೆ. ರಾತ್ರಿ ಜೀಪು ಅಂಗಳಕ್ಕೆ ಬರುವ ಮೊದಲೇ ಅವನಿಗೆ ತಿಳಿದಿತ್ತು.

ಬೆಂಗಳೂರಿನಲ್ಲಿ ರಿಪೇರಿಯವರು ಕ್ಯಾಮೆರಾ ಬಿಚ್ಚಿ ಚಿಮಟದಿಂದ ಏನನ್ನೋ ಎತ್ತಿ ಬೆಳಕಿಗೆ ಹಿಡಿದರು. “ಸಾರ್, ಇದಕ್ಕೆ ಊಟ ಹಾಕಿದ್ರಾ?” ಒಂದು ಅಕ್ಕಿಕಾಳು. ಷಟರಿನ ಮೇಲೆ ತೆಳ್ಳಗೆ ಕೆಂಪು ಕಲೆಯೂ ಇತ್ತು. ಅದೇನೆಂದು ಅವರಿಗೆ ಅರ್ಥವಾಗಲಿಲ್ಲ, ನಾನೂ ವಿವರಿಸಲು ಹೋಗಲಿಲ್ಲ. ಕಾರ್ಡಿನಲ್ಲಿ ನಲವತ್ತೊಂದು ಫೋಟೊ ಉಳಿದಿದ್ದವು. ನಲವತ್ತೊಂದೂ ಹಬೆ.

ಅಜ್ಜಿಗೆ ಏನು ಕಳಿಸುವುದೆಂಬ ಚಿಂತೆಯಲ್ಲಿ ಜನವರಿಯೂ ಕಳೆಯಿತು. ಆಲೆಮನೆಯ ಕಾಲಕ್ಕೆ ಅಕ್ಕನ ಫೋನು ಬಂತು. ನೊರೆಬೆಲ್ಲ ಕಳಿಸಿದ್ದೇನೆ, ಬಸ್ಸಿನಲ್ಲಿ ಬರುತ್ತದೆ, ಇತ್ಯಾದಿ. ದೊಡ್ಡಮ್ಮ ಬಂದಿದ್ದಾರೆ, ಮಾತಾಡ್ತಾರಂತೆ ನೋಡು ಎಂದಳು. ನಾನು ತಯಾರು ಮಾಡಿಟ್ಟುಕೊಂಡಿದ್ದ ಸುಳ್ಳನ್ನು ಶುರುಮಾಡಿದೆ: ಫೋಟೊ ಬಂದಿದೆ ಅಜ್ಜಿ, ಪ್ರಿಂಟು ಹಾಕಿಸುವುದೊಂದು ಬಾಕಿ.

“ಸುಮ್ನಿರೋ ಮಾಣಿ. ಅದು ಕೆಟ್ಟಿತ್ತು ಹೇಳಿ ನಂಗೆ ಆವಾಗಲೇ ಗೊತ್ತಿತ್ತು. ಟಕ್ ಹೇಳಿದ್ದು ನಿನ್ನ ಬಾಯಿ.”

ನನಗೆ ಉತ್ತರ ಹೊಳೆಯಲಿಲ್ಲ.

“ಪಾಪ, ಅಷ್ಟು ದೂರದಿಂದ ಬೈಂದ ಹೇಳಿ ನಾನೂ ನೆಟ್ಟಗೆ ಕೂತ್ಕಂಡಿ,” ಎಂದಳು ಅಜ್ಜಿ. “ಆ ದೇವರ ಕೋಣೆ ಬಾಗಿಲು ಆಚೆ ಬದಿಗೆ ಅಲ್ಲ, ಈಚೆ ಬದಿಗೇ ಇತ್ತು. ಮನಿಕ್ಕಂಡ ಮೇಲೆ ನೆನಪಾತು. ಬಪ್ಪ ವರ್ಷ ಸುಲಿಯಲೆ ಬಾ, ಆಳೇ ಸಿಕ್ತಿಲ್ಲೆ.”