ಅಮಾಲ್ಫಿಯಲ್ಲಿ ಅಡಿಕೆ ಬೆಳೆಗಾರ

ಕುಮಾರಧಾರೆಯ ನೆರೆಹೊರೆಯನ್ನೂ ಅಡಿಕೆ ತೋಟದ ನೆರಳನ್ನೂ ಬಿಟ್ಟು ಕದಲದ ರಾಮಕುಂಜದ ನಮ್ಮ ಭಾವನವರನ್ನು ಸಮುದ್ರದಾಚೆಗೆ ಒಯ್ಯುವ ಸಾಮರ್ಥ್ಯವು ಪರದೇಶದಲ್ಲಿ ಉದ್ಯೋಗಸ್ಥನಾದ ಮಗನೊಬ್ಬನಿಗೆ ಮಾತ್ರ ಇದ್ದಿತು. ಆ ಸುಪುತ್ರನು ಇಟಲಿಯ ಅಮಾಲ್ಫಿ ಕರಾವಳಿಯನ್ನು ತೋರಿಸಲೆಂದು ಒಂದು ಕಾರನ್ನೂ, ಸಾರಥಿಯೂ ಮಾರ್ಗದರ್ಶಿಯೂ ತಾನೇ ಆದ ಮಹಾಶಯನೊಬ್ಬನನ್ನೂ ದಿನವಿಡೀ ಗೊತ್ತುಮಾಡಿದನು. ಬಾಡಿಗೆಯನ್ನು ಭಾವನವರು ಮನಸ್ಸಿನಲ್ಲಿಯೇ ಅಡಿಕೆಯ ಕಿಲೋ ಲೆಕ್ಕಕ್ಕೆ ಇಳಿಸಿ, ಬಳಿಕ ಬಹಳ ಹೊತ್ತು ಮೌನವನ್ನು ಆಶ್ರಯಿಸಿದರು.

ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ತಪಸ್ಸು ಮಾಡಿದವರಿಗೆ ಅಲ್ಲಿಯ ತಿರುವುಗಳು ಏನು ಮಹಾ! ಮಾರ್ಗದರ್ಶಿಯು ಪೊಸಿಟಾನೋವಿನ ಬಣ್ಣದ ಮನೆಗಳನ್ನೂ, ವೆನಿಸ್ ಜಿನೋವಾಗಳಿಗೆ ಸರಿಜೋಡಿಯಾಗಿದ್ದ ಅಮಾಲ್ಫಿಯ ಪ್ರಾಚೀನ ನೌಕಾವೈಭವವನ್ನೂ, 1997ರಲ್ಲಿ ಯುನೆಸ್ಕೋ ಆ ತೀರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದನ್ನೂ ವರ್ಣಿಸುತ್ತಿರಲು, ಭಾವನವರು ಕಡಲಿಗೆ ಬೆನ್ನುಹಾಕಿ, ಗುಡ್ಡದ ಕಲ್ಲುಕಟ್ಟೆಗಳ ಮೇಲೆ, ಚೆಸ್ಟ್‌ನಟ್ ಗಳುಗಳ ಚಪ್ಪರದಡಿಯಲ್ಲಿ, ಕರಿಯ ಬಲೆ ಹೊದ್ದು ನಿಂತ ನಿಂಬೆಯ ತೋಟವನ್ನೇ ನೋಡುತ್ತಿದ್ದರು.

“ಇದಕ್ಕೆ ಬೋರ್ಡೋ ಮದ್ದು ಬಿಡುವುದುಂಟೋ? ವರ್ಷಕ್ಕೆ ಎಷ್ಟು ಸಲ?”

ರೋಮನ್ ಚಕ್ರವರ್ತಿಗಳಿಂದ ಮೊದಲುಗೊಂಡು ಸಕಲವನ್ನೂ ಬಲ್ಲ ಆ ವಿದ್ವಾಂಸನು ತಬ್ಬಿಬ್ಬಾಗಿ, ನಿಂಬೆ ಬೆಳೆಯುವ ತನ್ನ ಸೋದರಮಾವನನ್ನೇ ಫೋನಿನಲ್ಲಿ ಕರೆದನು. ಮಗನ ದ್ವಿಭಾಷಿತ್ವದಲ್ಲಿ ಸಂವಾದವು ಔಷಧಿಯಿಂದ ಹೊರಟು, ಹೆಗಲ ಮೇಲೆ ಹಣ್ಣು ಹೊತ್ತು ಮೆಟ್ಟಿಲಿಳಿಯುವ ಆಳುಗಳು ಈಗ ಸಿಗುವುದಿಲ್ಲವೆಂಬ ಪ್ರಲಾಪಕ್ಕೆ ತಲುಪಿತು; ಇಬ್ಬರಿಗೂ ಪರಮಾನಂದ. ಅಷ್ಟರಲ್ಲಿ ಅಕ್ಕನು ಒಬ್ಬಳೇ ಅಮಾಲ್ಫಿಯ ದೇವಾಲಯದ ಮೆಟ್ಟಿಲುಗಳನ್ನು ಹತ್ತಿಳಿದು ಬಂದಿದ್ದಳು.

“ಆಳು ಸಿಕ್ಕುವುದಿಲ್ಲ ಎಂದು ಕೇಳಲಿಕ್ಕೆ ನೀವು ಉಪ್ಪಿನಂಗಡಿ ಪೇಟೆಗೆ ಹೋಗಿದ್ದರೆ ಸಾಕಿತ್ತಲ್ಲ!”