ಭತ್ತಕ್ಕೆ ಹನ್ನೆರಡು, ಅಕ್ಕಿಗೆ ಆರು: ಎಮ್ಮಿಗನೂರು ಸೀಮೆಯ ಆಂಗ್ಲಪದ ಮೌಲ್ಯಮೀಮಾಂಸೆ

ಪೀಠಿಕೆ: ಕಂಪ್ಲಿ ತಾಲೂಕಿನ ಎಮ್ಮಿಗನೂರಿಗೂ ಇಂಗ್ಲಿಷ್ ಪದಕೋಶಕ್ಕೂ ಏನು ನಂಟು ಎಂದು ಪೂರ್ವಸೂರಿಗಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಸಂಶೋಧನೆ ಹುಟ್ಟುವುದೇ ಇಂಥಲ್ಲಿ. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ತಂದ. ಪದಗಳಿಗೆ ಅರ್ಥ ಕೊಟ್ಟ, ಅಂಕ ಕೊಡಲಿಲ್ಲ. ಆ ಮಹಾಲೋಪವನ್ನು ತುಂಬುವುದೇ ಈ ಪ್ರಬಂಧದ ಗುರಿ.

ವಿಧಾನ: 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಹೋದ ಅಮೆರಿಕದ ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್, ನ್ಯೂಯಾರ್ಕ್ ಟೈಮ್ಸ್ ಮುಖಪುಟದ ಅಕ್ಷರ ಎಣಿಸುತ್ತ ಕೂತ. ಅಪರೂಪದ ಅಕ್ಷರಕ್ಕೆ ಹೆಚ್ಚು ಅಂಕ, ಎಲ್ಲೆಲ್ಲೂ ಸಿಗುವುದಕ್ಕೆ ಒಂದೇ ಎಂದು ಪದ ಜೋಡಿಸುವ ಆಟ ಕಟ್ಟಿದ. 1948ರಲ್ಲಿ ಆ ಆಟಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರು ಬಂತು: 225 ಮನೆ, 100 ಬಿಲ್ಲೆ, ಒಬ್ಬೊಬ್ಬರ ಮುಂದೆ ಏಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಗ್ಗರಣೆ, ಮಿರ್ಚಿ ತಿನ್ನುತ್ತ ನಾವು ನಡೆಸಿದ ಕ್ಷೇತ್ರಕಾರ್ಯದಲ್ಲಿ, ಬಣ್ಣದ ಮನೆಗಳ ಲಾಭ ಬಿಟ್ಟು ಬಿಲ್ಲೆಗಳ ಅಂಕವನ್ನಷ್ಟೇ ಕೂಡಿದ್ದೇವೆ.

ಪ್ರಮೇಯ 1, ಉಪಾಹಾರ: ಇಡ್ಲಿ, ದೋಸೆ, ರಾಗಿ ಮೂರೂ ಆಟದ ಪದಕೋಶದಲ್ಲಿವೆ. ಮೂರಕ್ಕೂ ತಲಾ 5. ಇಷ್ಟು ಸಮಾನತೆ ಯಾವ ಹೋಟೆಲಿನ ದರಪಟ್ಟಿಯಲ್ಲೂ ಕಂಡಿಲ್ಲ.

ಪ್ರಮೇಯ 2, ಆಡಳಿತ: ಪೋರ್ಚುಗೀಸರು ಬಿಟ್ಟುಹೋದ ಪ್ಯೂನ್‌ಗೆ 6, ತಾಲೂಕಿಗೆ 9, ಜಿಲ್ಲಾಕ್ಕೆ 14, ಕಚೇರಿಯೇ ಇಂಗ್ಲಿಷಿನಲ್ಲಿ ಉಬ್ಬಿ ಆದ ‘ಕಟ್ಚೆರ್ರಿ’ಗೆ 19. ಕಟ್ಟಡಕ್ಕೇ ಹೆಚ್ಚು ಬೆಲೆ ಎಂಬುದು ಸಾಬೀತು. ತಹಶೀಲ್ದಾರ್‌ಗೆ 13, ಆದರೆ ಇಂಗ್ಲಿಷಿನಲ್ಲಿ ಅವರಿಗೆ ಒಂಬತ್ತಕ್ಷರ, ನಮ್ಮ ಮುಂದಿರುವುದು ಏಳೇ ಬಿಲ್ಲೆ. ಮಣೆಯ ಮೇಲೆ ಮೊದಲೇ ಎರಡು ಇಟ್ಟಿದ್ದರಷ್ಟೇ ಅವರು ದಯಮಾಡಿಸುವುದು. ಏಳೂ ಬಿಲ್ಲೆ ಒಪ್ಪಿಸಿ ಬರಮಾಡಿಕೊಂಡರೆ ಮೇಲೆ 50 ಇನಾಮು. ಹೆಚ್ಚಿನ ವ್ಯಾಖ್ಯಾನವನ್ನು ಅನುಭವಸ್ಥರಿಗೆ ಬಿಟ್ಟಿದ್ದೇವೆ.

ಪ್ರಮೇಯ 3, ಜಲಯಾನ: ಹಂಪಿಯ ಹೊಳೆಯಲ್ಲಿ ಬಿದಿರು ಹೆಣೆದು ಟಾರು ಬಳಿದ ಹರಿಗೋಲು ತೇಲುತ್ತದೆ, ಪದಕೋಶದಲ್ಲಿ ಮುಳುಗುತ್ತದೆ. ಪ್ರವಾಸಿಗಳ ಬಾಯಲ್ಲಿ ಅದು ‘ಕೊರಾಕಲ್’, ವೇಲ್ಸ್ ದೇಶದ ಪದ. ಸರಿಯಾಗಿ ಏಳಕ್ಷರ: 11 ಅಂಕ, ಇನಾಮು ಸೇರಿ 61. ಹುಟ್ಟು ಹಾಕಿದವರು ನಮ್ಮವರು, ದಡ ಮುಟ್ಟಿದ್ದು ವೇಲ್ಸ್.

ಪ್ರಮೇಯ 4, ಅರ್ಥಶಾಸ್ತ್ರ: ಇದೇ ಪ್ರಬಂಧದ ತಿರುಳು. ‘ಲ್ಯಾಖ್’ ಅಂದರೆ ಲಕ್ಷ, 11. ‘ಕ್ರೋರ್’ ಅಂದರೆ ಕೋಟಿ, ಬರೀ 7. ಚೀನಿಯರ ಪ್ರಾಣಶಕ್ತಿ ‘ಚಿ’, ಇಂಗ್ಲಿಷಿನಲ್ಲಿ ಎರಡೇ ಅಕ್ಷರ, ಅದಕ್ಕೂ ಲಕ್ಷದಷ್ಟೇ 11. ಇನ್ನು ಮಲಯ ಭಾಷೆಯಿಂದ ಬಂದ ‘ಪ್ಯಾಡಿ’, ಅಂದರೆ ಭತ್ತ: 12! ಲಕ್ಷಕ್ಕಿಂತ ಒಂದು ಹೆಚ್ಚು, ಕೋಟಿಗಿಂತ ಐದು ಹೆಚ್ಚು. ಅದೇ ಭತ್ತ ಮಿಲ್ಲಿಗೆ ಹೋಗಿ ‘ರೈಸ್’ ಆಗಿ ಬಂದರೆ 6. ಮಿಲ್ಲಿನವರಿಗೆ ಅರ್ಧಕ್ಕರ್ಧ ಲುಕ್ಸಾನು ಮಾಡುವ ಅರ್ಥಶಾಸ್ತ್ರ ಜಗತ್ತಿನಲ್ಲಿ ಇದೊಂದೇ.

ಉಪಸಂಹಾರ: ಈ ಫಲಿತಾಂಶವನ್ನು ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಭತ್ತದ ರೈತರೊಬ್ಬರ ಮುಂದೆ ಮಂಡಿಸಿದೆವು. ಅವರು ಬಟ್ಟಲು ಕೆಳಗಿಟ್ಟು ಎರಡು ಸಲ ಲೆಕ್ಕ ಕೇಳಿಸಿಕೊಂಡರು. ಆಮೇಲೆ, “ಆ ಬಟ್ಸ್ ಸಾಹೇಬ್ರ ಎಪಿಎಂಸಿ ಎಲ್ಲೈತ್ರಿ? ಟ್ರ್ಯಾಕ್ಟರ್ ಲೋಡಾಗಿ ನಿಂತೈತಿ” ಅಂದರು.

ಮುಂದಿನ ಸಂಶೋಧನೆಗೆ ಇದನ್ನು ಕಾಯ್ದಿರಿಸಲಾಗಿದೆ.