ಗ್ಯಾಸ್ ರಾಯರು

ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ ಯಾರ ಮನೆಯ ಎಸಿ ಕೆಟ್ಟರೂ ಸುದ್ದಿ ಮೊದಲು ಮುಟ್ಟುವುದು ಮೆಕ್ಯಾನಿಕ್‌ಗಲ್ಲ, ರಾಯರಿಗೆ. ಯಾರೂ ಹೇಳಿ ಕಳಿಸಿರುವುದಿಲ್ಲ. ಕಿಟಕಿ ತೆರೆದ ಸದ್ದೇ ಅವರಿಗೆ ಸಾಕು. ಬಿಸಿಲು ನಲವತ್ತು ಡಿಗ್ರಿ ದಾಟಿ ಕೂತಿರುವಾಗ ಬುದ್ಧಿ ನೆಟ್ಟಗಿದ್ದವರು ಯಾರೂ ಕಿಟಕಿ ತೆರೆಯುವುದಿಲ್ಲ. ತೆರೆದರೆಂದರೆ ಒಳಗೆ ಎಸಿ ನಿಂತಿದೆ ಎಂದೇ ಅರ್ಥ. ಬನಿಯನ್ ಮೇಲೊಂದು ಅಂಗಿ ಸಿಕ್ಕಿಸಿಕೊಂಡು, ಜೇಬಿಗೆ ಟೆಸ್ಟರ್ ಇಳಿಬಿಟ್ಟು, ತಲೆಗೆ ಒದ್ದೆ ಟವೆಲ್ ಸುತ್ತಿ ರಾಯರು ಬಂದು ಗೇಟಿನ ಚಿಲಕ ತೆಗೆಯುತ್ತಾರೆ. ಚಪ್ಪಲಿ ಬಿಡುವ ಮೊದಲೇ ತೀರ್ಪು ಹೊರಬಿದ್ದಿರುತ್ತದೆ:

"ಗ್ಯಾಸ್ ಹೋಗ್ಯದ."

ಅವರ ನಿಜವಾದ ಹೆಸರು ಪೋಸ್ಟ್‌ಮ್ಯಾನ್‌ಗೂ ಪಿಂಚಣಿ ಬ್ಯಾಂಕಿಗೂ ಗೊತ್ತು. ಓಣಿಗೆ ಅವರು ಗ್ಯಾಸ್ ರಾಯರು, ಹುಡುಗರಿಗೆ ಗ್ಯಾಸ್ ಕಾಕಾ. ಓಣಿಗೆ ಹೊಸದಾಗಿ ಬಂದವರು ಈ ಹೆಸರು ಕೇಳಿ, ಅಡುಗೆ ಸಿಲಿಂಡರ್ ಬುಕ್ ಮಾಡಲು ಅವರ ಬಾಗಿಲು ತಟ್ಟಿದ್ದೂ ಉಂಟು. ರಾಯರು ಅವರನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಕೂಡ್ರಿಸಿ, ನೀರು ಕೊಟ್ಟು, ನಿಮ್ಮ ಮನೆಯ ಎಸಿ ಎಷ್ಟು ಟನ್ನಿನದು ಎಂದು ವಿಚಾರಿಸಿದರು.

ಇವರು ಏನೂ ಗೊತ್ತಿಲ್ಲದವರು ಎಂದು ಮಾತ್ರ ತಿಳಿಯಬೇಡಿ. ಶಕ್ತಿನಗರದ ಥರ್ಮಲ್‌ನಲ್ಲಿ ಬಾಯ್ಲರ್ ಕಡೆ ಇಡೀ ನೌಕರಿ ಸವೆಸಿ ನಿವೃತ್ತರಾದವರು. 1720 ಮೆಗಾವಾಟ್‌ನ ಸ್ಥಾವರ ಅದು. "ಬೆಂಗಳೂರಿನವರು ಸ್ವಿಚ್ ಒತ್ತೂದಷ್ಟ ಕಲ್ತಾರ, ಅವರ ಫ್ಯಾನ್ ತಿರುಗಿಸಿದಾವ್ರು ನಾವು" ಎನ್ನುವುದು ಅವರ ಖಾಯಂ ಮಾತು. ಬಾಯ್ಲರ್ ಎಂದರೆ ಒಳಗೆ ಸಾಲುಸಾಲು ಕೊಳವೆ, ಅದರೊಳಗೆ ನೀರು, ಉಗಿ, ಒತ್ತಡ. ಅಲ್ಲಿ ಯೂನಿಟ್ ನಿಂತಿತೆಂದರೆ ಮೊದಲು ಹುಟ್ಟುವ ಅನುಮಾನ ಒಂದೇ, ಎಲ್ಲೋ ಟ್ಯೂಬ್ ಸೋರಿದೆ. ಸೋರಿಕೆಯನ್ನು ಹುಡುಕುತ್ತಲೇ ತಲೆ ಹಣ್ಣಾದ ಮನುಷ್ಯನಿಗೆ ನಿವೃತ್ತಿಯ ಮೇಲೆ ಜಗತ್ತೆಲ್ಲ ಸೋರುವ ಕೊಳವೆಯಾಗಿಯೇ ಕಾಣುವುದು ಸಹಜ. ಪಾಲಿಕೆ ನಲ್ಲಿಯಲ್ಲಿ ನೀರು ಬರದಿದ್ದರೆ ಸೋರಿಕೆ, ಮಗನ ಸಂಬಳ ಉಳಿಯದಿದ್ದರೆ ಸೋರಿಕೆ, ಎಸಿ ತಂಪು ಕೊಡದಿದ್ದರೆ ಗ್ಯಾಸ್ ಸೋರಿಕೆ.

ಮೊನ್ನೆ ಬೇಸಿಗೆಯಲ್ಲಿ ಮಾಸ್ತರರ ಮನೆಯ ಎಸಿ ಕೆಟ್ಟಾಗ ನಾನೂ ಅಲ್ಲೇ ಇದ್ದೆ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ಈ ಜಿಲ್ಲೆ. ಆದರೂ ಗಾಳಿಯಲ್ಲಿ ಹನಿ ತೇವವಿಲ್ಲ. ಊರ ಬಂಡೆಗುಡ್ಡಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನೇ ನಮ್ಮ ಮೇಲೆ ಉಗುಳುತ್ತವೆ. ಅಂಥ ದಿನದಲ್ಲಿ ಆ ಹಳೆಯ ಒಂದೂವರೆ ಟನ್ನಿನ ಎಸಿ ಗಾಳಿ ಬೀಸುತ್ತಿತ್ತು, ತಂಪು ಮಾತ್ರ ಇಲ್ಲ. ಮಾಸ್ತರರು ಮೆಕ್ಯಾನಿಕ್‌ಗೆ ಬೆಳಗಿನಿಂದ ಫೋನ್ ಮಾಡುತ್ತಿದ್ದರು. ಅವನೂ ಬೆಳಗಿನಿಂದ "ದಾರ್ಯಾಗ ಇದ್ದೀನಿ ಸರ್" ಎನ್ನುತ್ತಲೇ ಇದ್ದ.

ರಾಯರು ರಿಮೋಟ್ ಕೈಗೆ ತೆಗೆದುಕೊಂಡರು. ಮೊದಲು ರಿಮೋಟ್‌ಗೆ ಪರೀಕ್ಷೆ. ಅದರ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿದರು. ಕಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನೇರಳೆ ಚುಕ್ಕೆಯಾಗಿ ಮಿನುಗಿತು. "ರಿಮೋಟ್ ಜೀವಂತ ಅದ" ಎಂದು ಘೋಷಿಸಿದರು. ಇದು ನಿಜಕ್ಕೂ ಒಳ್ಳೆಯ ಉಪಾಯ, ನಾನೂ ಕಲಿತೆ. ನಂತರ ಎಸಿ ಆನ್ ಮಾಡಿದರು. ಅರ್ಧ ನಿಮಿಷ ಕಿವಿಗೊಟ್ಟರು. ಹೊರಗಿನ ಕಂಪ್ರೆಸರ್ ಸದ್ದಿಲ್ಲ. ಆಫ್ ಮಾಡಿದರು. ಮತ್ತೆ ಆನ್. ಮತ್ತೆ ಅರ್ಧ ನಿಮಿಷ. ಮತ್ತೆ ಆಫ್.

ಇಲ್ಲೊಂದು ಮಾತು ಹೇಳಲೇಬೇಕು. ಎಸಿಯ ಕಂಪ್ರೆಸರ್ ಒಮ್ಮೆ ನಿಂತರೆ ಸುಮಾರು ಮೂರು ನಿಮಿಷ ಬಿಟ್ಟೇ ಹೊರಡುತ್ತದೆ. ಕೊಳವೆಯ ಎರಡೂ ಕಡೆಯ ಒತ್ತಡ ಸಮವಾಗುವ ಮೊದಲೇ ಅದಕ್ಕೆ ಚಾಲನೆ ಕೊಟ್ಟರೆ ಮೋಟರ್‌ಗೆ ಕಂಟಕ, ಅದಕ್ಕೇ ಈ ಕಾಯುವಿಕೆ. ಬಾಯ್ಲರ್ ಹೊತ್ತಿಸಿ ಉಗಿ ಏಳುವವರೆಗೆ ತಾಸುಗಟ್ಟಲೆ ಕಾದ ರಾಯರಿಗೆ ಈ ಮೂರು ನಿಮಿಷದ ತಾಳ್ಮೆ ಇಲ್ಲ. ಕಂಪ್ರೆಸರ್ ಪಾಪ ಅರ್ಧ ನಿಮಿಷ ಎಣಿಸುವುದರೊಳಗೆ ಅವರ ಹೆಬ್ಬೆರಳು ಬೀಳುತ್ತದೆ, ಅದು ಮತ್ತೆ ಒಂದರಿಂದ ಎಣಿಸಬೇಕು. ನಮ್ಮ ಓಣಿಯಲ್ಲಿ ಚೆನ್ನಾಗಿದ್ದ ಎಸಿಗಳೂ ಹೀಗೆ ರಾಯರ ಕೈಯಲ್ಲಿ ಸತ್ತಂತೆ ನಟಿಸಿ, ಅವರು ಮನೆಗೆ ಹೋದ ಮೇಲೆ ತಾವೇ ಎದ್ದು ಕೂತಿವೆ.

ಮಾಸ್ತರರ ಎಸಿ ಮಾತ್ರ ನಿಜಕ್ಕೂ ಕೆಟ್ಟಿತ್ತು. ರಾಯರಿಗೆ ಹುರುಪು ಬಂತು. ಹುರುಪು ಬಂದರೆ ಅವರು ಕೂತು ಇತಿಹಾಸ ಹೇಳುತ್ತಾರೆ.

"ಈ ಎಸಿ ಹುಟ್ಟಿದ್ದು ಮನುಷ್ಯರಿಗಂತ ಅಲ್ರಿ, ಕಾಗದಕ್ಕ. 1902, ಬ್ರೂಕ್ಲಿನ್‌ನಾಗ ಒಂದು ಪ್ರೆಸ್ಸು. ಹವಾದಾಗ ತೇವ ಹೆಚ್ಚಾಗಿ ಕಾಗದ ಉಬ್ಬೂದು, ಒಂದರ ಮ್ಯಾಲೊಂದು ಬಣ್ಣ ಸರಿ ಕೂಡ್ತಿರಲಿಲ್ಲ. ಕ್ಯಾರಿಯರ್ ಅಂತ ಹುಡುಗ, ಇಪ್ಪತ್ತೈದು ವರ್ಷದಾಂವ, ತೇವ ಹಿಡಿಯೂ ಯಂತ್ರ ಮಾಡಿಕೊಟ್ಟ. ಮೊದಲು ಕಾಗದ ತಂಪಾತು. ನಾವೆಲ್ಲ ಆಮ್ಯಾಲೆ."

ಕೇಳುತ್ತ ಕೂತಿದ್ದ ನಮ್ಮೆಲ್ಲರ ಅಂಗಿ ಅಷ್ಟರಲ್ಲಿ ಬೆನ್ನಿಗೆ ಅಂಟಿತ್ತು. ಆ ಕಾಗದದ ಅದೃಷ್ಟಕ್ಕೆ ಹೊಟ್ಟೆಕಿಚ್ಚು ಪಡುವುದೊಂದೇ ನಮಗೆ ಉಳಿದಿದ್ದ ಕೆಲಸ.

ಮಾಸ್ತರರ ತಾಯಿ ಮೂಲೆಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು. ಅವರಿಗೆ ಬಹಳ ದಿನದಿಂದ ಒಂದು ಅಂಜಿಕೆ. "ಒಂದೂವರೆ ಟನ್ ಅಂತೀರಿ, ಅಷ್ಟು ಭಾರ ನಮ್ಮ ಗ್ವಾಡಿ ತಡೀತದೇನೋ ರಾಯಾ?" ರಾಯರಿಗೆ ಇಂಥ ಪ್ರಶ್ನೆ ಎಂದರೆ ಹೋಳಿಗೆ. ಟನ್ನು ಎಸಿಯ ತೂಕವಲ್ಲ, ಒಂದು ಟನ್ ಮಂಜುಗಡ್ಡೆ ಇಪ್ಪತ್ನಾಲ್ಕು ತಾಸಿನಲ್ಲಿ ಕರಗಲು ಎಷ್ಟು ಶಾಖ ಬೇಕೋ ಅಷ್ಟು ಶಾಖವನ್ನು ಅದೇ ಇಪ್ಪತ್ನಾಲ್ಕು ತಾಸಿನಲ್ಲಿ ಕೋಣೆಯಿಂದ ಎಳೆದು ಹಾಕುವ ತಾಕತ್ತು ಎಂದು ಬಿಡಿಸಿ ಹೇಳಿದರು. ಮೂರೂವರೆ ಕಿಲೋವಾಟ್ ಎಂದೂ ಸೇರಿಸಿದರು. ಎಸಿ ತಂಪನ್ನು ಹುಟ್ಟಿಸುವುದೇ ಇಲ್ಲ, ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಒಗೆಯುತ್ತದೆ ಅಷ್ಟೇ ಎಂದರು. ಎಲ್ಲವೂ ಸರಿ, ಒಂದಕ್ಷರ ತಪ್ಪಿಲ್ಲ. ಅಜ್ಜಿ ಎಲ್ಲ ಕೇಳಿ, "ಹಂಗಾದ್ರ ದಿನಾ ಒಂದೂವರೆ ಟನ್ ಬರ್ಫ ತಂದು ಮನ್ಯಾಗ ಇಟ್ಟರ ಅಗ್ಗ ಬೀಳ್ತಿತ್ತೇನು?" ಎಂದರು. ರಾಯರು ನೀರು ಕೇಳಿದರು.

ನಂತರ ಸೋರಿಕೆ ಪತ್ತೆ. ಅಡುಗೆಮನೆಯಿಂದ ಸೋಪಿನ ಪುಡಿ ತರಿಸಿ, ಚೊಂಬಿನಲ್ಲಿ ನೊರೆ ಎಬ್ಬಿಸಿ, ತಾಮ್ರದ ಪೈಪಿನ ನಟ್ ಮೇಲೆಲ್ಲ ಹಚ್ಚಿದರು. ಗ್ಯಾಸ್ ಸೋರುತ್ತಿದ್ದರೆ ಅಲ್ಲಿ ಗುಳ್ಳೆ ಏಳಬೇಕು. ಮೆಕ್ಯಾನಿಕ್‌ಗಳೂ ಹೀಗೆಯೇ ನೋಡುತ್ತಾರೆ. ಎಲ್ಲರೂ ಬಿಸಿಲಿನಲ್ಲಿ ಬಗ್ಗಿ ನಿಂತೆವು. ಒಂದು ಗುಳ್ಳೆಯೂ ಏಳಲಿಲ್ಲ.

"ನೋಡಿದ್ರ್ಯಾ?" ಎಂದರು ರಾಯರು. "ಗುಳ್ಳಿ ಏಳಲಿಕ್ಕೂ ಗ್ಯಾಸ್ ಉಳಿದಿಲ್ಲ."

ಇಂಥ ತರ್ಕವನ್ನು ಎದುರಿಸುವ ಶಕ್ತಿ ಆ ಬಿಸಿಲಿನಲ್ಲಿ ಯಾರಿಗಿರುತ್ತದೆ? ಗುಳ್ಳೆ ಬಂದರೆ ಗ್ಯಾಸ್ ಹೋಗುತ್ತಿದೆ, ಬರದಿದ್ದರೆ ಹೋಗಿಬಿಟ್ಟಿದೆ. ಒಳಗಿನ ಕಾಯ್ಲ್ ಮೇಲೆ ಮಂಜು ಕಟ್ಟಿದರೂ ಅವರಿಗೆ ಗ್ಯಾಸ್. ಗ್ಯಾಸ್ ಕಡಿಮೆಯಾದರೆ ಮಂಜು ಕಟ್ಟುವುದು ನಿಜ. ಆದರೆ ಅದಕ್ಕಿಂತ ಮೊದಲು ನೋಡಬೇಕಾದದ್ದು ಫಿಲ್ಟರ್. ಅಕ್ಕಿ ಗಿರಣಿ, ಹತ್ತಿ ಮಿಲ್ಲುಗಳ ಈ ಊರಿನಲ್ಲಿ ಫಿಲ್ಟರ್ ತೊಳೆಯದೆ ಒಂದು ಬೇಸಿಗೆ ಬಿಟ್ಟರೆ ಅದರ ಮೇಲೆ ಕಂಬಳಿ ನೇಯ್ದಂತಾಗಿರುತ್ತದೆ. ಗಾಳಿ ಹಾಯದೆ ಕಾಯ್ಲ್ ಹೆಪ್ಪುಗಟ್ಟುತ್ತದೆ. ನಲ್ಲಿಯ ಕೆಳಗೆ ಹಿಡಿದರೆ ಮುಗಿಯುವ ಕೆಲಸ. ರಾಯರಿಗೆ ಇದು ಗೊತ್ತಿಲ್ಲವೆಂದಲ್ಲ. ಫಿಲ್ಟರ್ ತೊಳೆಯುವುದು ರಾಯರ ಹೆಂಡತಿ, ನಮ್ಮ ಕಾಕು ಕೂಡ ಮಾಡಬಲ್ಲ ಕೆಲಸ. ಅದಕ್ಕೆ ನಿವೃತ್ತ ಇಂಜಿನಿಯರ್ ಯಾಕೆ ಬೇಕು?

ಸಂಜೆ ಮೆಕ್ಯಾನಿಕ್ ಬಂದ. ಐಟಿಐ ಮುಗಿಸಿದ ಹುಡುಗ, ಮೀಸೆ ಇನ್ನೂ ಪೂರ್ತಿ ಬಂದಿಲ್ಲ, ಅಂಗಿಯ ಮೇಲೆ ಬೆವರಿನ ಉಪ್ಪು ಬಿಳಿ ಗೆರೆ ಎಳೆದಿದೆ. ಹೊರಗಿನ ಯೂನಿಟ್‌ನ ಮುಚ್ಚಳ ಬಿಚ್ಚಿ ನೋಡಿದ. ಫ್ಯಾನ್ ತಿರುಗುತ್ತಿದೆ, ಕಂಪ್ರೆಸರ್ ಗುಂಯ್ ಎಂದು ನರಳಿ ಸುಮ್ಮನಾಗುತ್ತಿದೆ. ಒಳಗಿನಿಂದ ಬೆಳ್ಳಿ ಬಣ್ಣದ ಒಂದು ಡಬ್ಬಿ ತೆಗೆದ. ಅದರ ತಲೆ ಪೂರಿಯಂತೆ ಉಬ್ಬಿತ್ತು.

"ಕೆಪಾಸಿಟರ್ ಹೋಗ್ಯದ ಸರ್. ಬ್ಯಾಸಿಗಿಯಾಗ ಇದ ಭಾಳ ಹೋಗೂದು, ಕಾವಿಗೆ."

ಓಣಿ ರಾಯರ ಮುಖ ನೋಡಿತು. ರಾಯರು ವಿಚಲಿತರಾಗಲಿಲ್ಲ. "ಕೆಪಾಸಿಟರ್ ಹೋಗ್ಯದ, ಒಪ್ಪಿದೆ. ಯಾಕ ಹೋತು? ಗ್ಯಾಸ್ ಕಡಿಮಿ ಆತು, ಕಂಪ್ರೆಸರ್ ಮ್ಯಾಲೆ ಲೋಡ್ ಬಿತ್ತು, ಅದರಿಂದ ಇದು ಹೋತು. ಮೂಲಕ್ಕ ಹೋಗ್ಬೇಕು ತಮ್ಮಾ." ಹುಡುಗ ಹೊಸ ಕೆಪಾಸಿಟರ್ ಹಾಕಿದ, ಗೇಜ್ ಕಟ್ಟಿ ಒತ್ತಡವನ್ನೂ ತೋರಿಸಿದ, ಸರಿಯಾಗೇ ಇತ್ತು. "ಈಗ ಸರಿ ಅದ," ಎಂದರು ರಾಯರು, ಗೇಜಿಗೆ ಸ್ವಲ್ಪ ಕಾಲಾವಕಾಶ ಕೊಟ್ಟವರಂತೆ.

ತಂಪು ಗಾಳಿ ಬರತೊಡಗಿದೊಡನೆ ಅವರು ಮಂಕಾದರು. ಇದನ್ನು ನಾನು ಬೇರೆ ಮನೆಗಳಲ್ಲೂ ಗಮನಿಸಿದ್ದೇನೆ. ದುರಸ್ತಿಯಾದ ಎಸಿ ಅವರಿಗೆ ಮದುವೆ ಮುಗಿದ ಮನೆ. ಹೋಗುವ ಮೊದಲು ಒಂದು ಕೊನೆಯ ಪ್ರಯತ್ನವಾಗಿ ಮಾಸ್ತರರ ಮಗನ ಕೈಯಿಂದ ರಿಮೋಟ್ ಕಸಿದು, ಹದಿನಾರಕ್ಕೆ ಇಟ್ಟಿದ್ದನ್ನು ಇಪ್ಪತ್ನಾಲ್ಕಕ್ಕೆ ಏರಿಸಿದರು. "ಹದಿನಾರಕ್ಕ ಇಟ್ಟರ ಲಗೂ ತಂಪಾಗೂದಿಲ್ಲೋ, ಬರೇ ಭಾಳ ಹೊತ್ತು ಓಡ್ತದ. 2020ರಿಂದ ಹೊಸ ಎಸಿ ಎಲ್ಲಾ ಇಪ್ಪತ್ನಾಲ್ಕಕ್ಕೇ ಚಾಲೂ ಆಗ್ಬೇಕಂತ ಸರ್ಕಾರಾನ ಹೇಳ್ಯದ. ಒಂದು ಡಿಗ್ರಿ ಏರಿಸಿದರ ನೂರಕ್ಕ ಆರರಷ್ಟು ಕರೆಂಟ್ ಉಳೀತದ." ಇದೂ ಸರಿ. ಅವರು ಗೇಟು ದಾಟಿದ ಮೇಲೆ ಮಾಸ್ತರರ ಮಗ ಮತ್ತೆ ಹದಿನಾರಕ್ಕೆ ಇಳಿಸಿದ.

ಮೆಕ್ಯಾನಿಕ್ ಹುಡುಗ ರಾಯರನ್ನು ಕಂಡರೆ ಮೊದಮೊದಲು ಬೇರೆ ಓಣಿಯಿಂದ ಸುತ್ತಿ ಹೋಗುತ್ತಿದ್ದ. ಆಮೇಲೆ ಅವನಿಗೆ ಒಂದು ಸತ್ಯ ಹೊಳೆಯಿತು. ಮೀಸೆ ಬರದ ಹುಡುಗ ಹೇಳಿದ ರೇಟಿಗೆ ಯಾವ ಮನೆಯವರೂ ಒಪ್ಪುವುದಿಲ್ಲ. "ಇಷ್ಟು ಸಣ್ಣ ಡಬ್ಬಿಗೆ ಅಷ್ಟು ರೊಕ್ಕೇನು?" ಎಂದು ಅರ್ಧ ತಾಸು ಜಗ್ಗಾಡುತ್ತಾರೆ. ಅಲ್ಲಿ ರಾಯರು ಇದ್ದರೆಂದರೆ ಜಗ್ಗಾಟ ಇಲ್ಲ. ಅವರು ಟನ್ನಿನಿಂದ ಶುರು ಮಾಡಿ ಬ್ರೂಕ್ಲಿನ್‌ಗೆ ಬರುವುದರೊಳಗೆ ಮನೆಯವರು ತಾವಾಗಿಯೇ ರೊಕ್ಕ ತಂದು ಹುಡುಗನ ಕೈಗಿಡುತ್ತಾರೆ, ಇಬ್ಬರನ್ನೂ ಒಟ್ಟಿಗೇ ಕಳಿಸುವ ಆಸೆಯಿಂದ. ಈಗ ಹುಡುಗ ಮೋಟರ್‌ಸೈಕಲ್ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟುತ್ತಾನೆ, ನಡುವೆ ರಾಯರನ್ನು ಕೂಡ್ರಿಸಿಕೊಳ್ಳುತ್ತಾನೆ. ಕಾಕು ಕೂಡ ಖುಷಿಯಾಗಿದ್ದಾರೆ. ಮಧ್ಯಾಹ್ನ ಎರಡು ತಾಸು ನಿದ್ದೆ ಸಿಗುತ್ತಿದೆಯಂತೆ.

ಕಳೆದ ವಾರದ್ದು ಹುಡುಗನೇ ಹೇಳಿದ ಸಂಗತಿ. ಸ್ಟೇಷನ್ ರಸ್ತೆಯ ಕಡೆ ಒಬ್ಬ ವ್ಯಾಪಾರಿಯ ಮನೆ. ಹೊರಗಿನ ನಟ್‌ಗೆ ಸೋಪು ಹಚ್ಚಿದರೆ ಗುಳ್ಳೆ ಮೇಲೆ ಗುಳ್ಳೆ. ಗೇಜ್ ಮುಳ್ಳು ಕೆಳಗೆ ಬಿದ್ದಿತ್ತು. ಸಾಕ್ಷಾತ್ ಸೋರಿಕೆ. ವ್ಯಾಪಾರಿ ನಂಬಲೊಲ್ಲ. "ಎಲ್ಲಾ ಮೆಕ್ಯಾನಿಕ್‌ರು ಬಂದು ಗ್ಯಾಸ್ ಅಂತಾನ ಹೇಳ್ತೀರಿ, ರೊಕ್ಕ ಕೀಳೂ ದಂಧೆ" ಎಂದು ಬಾಗಿಲಿಗೆ ಅಡ್ಡ ನಿಂತ. ಇಂಥ ದಿನಕ್ಕೇ ಅಲ್ಲವೇ ರಾಯರನ್ನು ಸಾಕಿದ್ದು ಎಂದು ಹುಡುಗ ಓಡಿ ಬಂದು ಅವರನ್ನು ಗಾಡಿಗೆ ಹತ್ತಿಸಿಕೊಂಡು ಹೋದ. ದಾರಿಯುದ್ದಕ್ಕೂ ಹೇಳಿಕೊಟ್ಟ: "ಕಾಕಾ, ಈ ಸಲ ಖರೇನ ಗ್ಯಾಸ್ ಹೋಗ್ಯದ. ನೀವು ದಿನಾ ಅಂತೀರಲ್ಲ, ಅದನ್ನ ಒಂದು ಮಾತು ಅಂದ್ರ ಸಾಕು."

ರಾಯರು ಇಳಿದರು. ಟವೆಲ್ ಸರಿಮಾಡಿಕೊಂಡರು. ಯೂನಿಟ್ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಗುಳ್ಳೆಗಳನ್ನು ಕನ್ನಡಕ ಎತ್ತಿ ನೋಡಿದರು. ವ್ಯಾಪಾರಿ ಕಾಯುತ್ತಿದ್ದ, ಹುಡುಗ ಕಾಯುತ್ತಿದ್ದ. ರಾಯರು ಜೇಬಿನಿಂದ ಟೆಸ್ಟರ್ ತೆಗೆದು ಹುಡುಗನ ಕಡೆ ತೋರಿಸಿ ಕೇಳಿದರು:

"ಗ್ಯಾಸ್ ಅನ್ನೂದು ಹಂಗ ಸುಮ್ಮಸುಮ್ಮನ ಹೋಗೂದಿಲ್ಲೋ ತಮ್ಮಾ. ಕೆಪಾಸಿಟರ್ ತೆಗೆದು ನೋಡಿದೇನು?"